180 ನ್ಯಾನೊಮೀಟರ್ ಬ್ಲೂಟೂತ್ ರಿಸೀವರ್: 7.3 ಮಿಲಿಆಂಪಿಯರ್ ಎಲ್ಲಿ ಹೋಗುತ್ತಿದೆ?

ಇಳಿಸಂಜೆ (ಸೋಮವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ನಾನು ಎಂ.ಟೆಕ್ ಎರಡನೆಯ ವರ್ಷದ ವಿದ್ಯಾರ್ಥಿ. ಔಷಧಿ ಸಾಗಿಸುವ ತಂಪು ಪೆಟ್ಟಿಗೆಯೊಳಗೆ ಇಡಬಹುದಾದ ಉಷ್ಣಾಂಶದ ಟ್ಯಾಗ್ ಒಂದಕ್ಕಾಗಿ, ಬ್ಲೂಟೂತ್ ಲೋ ಎನರ್ಜಿಗೆ ಹೊಂದುವ 2.4 ಗಿಗಾಹರ್ಟ್ಸ್ ರಿಸೀವರ್ ಅನ್ನು ವಿನ್ಯಾಸಗೊಳಿಸುವುದು ನನ್ನ ಪ್ರಾಜೆಕ್ಟ್. ನಮಗೆ ಲಭ್ಯವಿರುವುದು ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯ 180 ನ್ಯಾನೊಮೀಟರ್ ಸಿಮಾಸ್ ಚಿಪ್ ತಯಾರಿಕಾ ತಂತ್ರಜ್ಞಾನ. ಪೂರೈಕೆ 1.8 ವೋಲ್ಟ್. ಟ್ಯಾಗ್‌ಗೆ ಆಧಾರ ಒಂದೇ ಒಂದು ಸಿಆರ್2032 ನಾಣ್ಯ ಸೆಲ್, ಅದರಲ್ಲಿ ಎರಡು ವರ್ಷ ನಡೆಯಬೇಕೆಂಬುದು ಗುರಿ.

ಕಳೆದ ನಾಲ್ಕು ತಿಂಗಳಲ್ಲಿ ಹೆಚ್ಚಿನ ಸಮಯವನ್ನು ನಾನು ಎಲ್‌ಎನ್‌ಎ (ಆಂಟೆನಾದ ಹಿಂದೆಯೇ ಇರುವ, ಕಡಿಮೆ ನಾಯ್ಸ್‌ನ ಮೊದಲ ಆಂಪ್ಲಿಫೈಯರ್) ಮೇಲೆಯೇ ಕಳೆದೆ. ಜಿಎಂ-ಐಡಿ ವಿಧಾನದಲ್ಲಿ (ಪ್ರತಿ ಆಂಪಿಯರ್‌ಗೆ ಎಷ್ಟು ಜಿಎಂ, ಅಂದರೆ ವರ್ಧಿಸುವ ಬಲ, ಸಿಗುತ್ತದೆ ಎಂದು ನೋಡುವ ವಿಧಾನ) ಟ್ರಾನ್ಸಿಸ್ಟರ್‌ಗಳನ್ನು ದುರ್ಬಲ ಇನ್ವರ್ಶನ್ (ಅವು ಅರೆಬರೆ ಮಾತ್ರ ತೆರೆದಿರುವ ಸ್ಥಿತಿ) ಕಡೆಗೆ ಸರಿಸಿ, ಅದರ ಕರೆಂಟನ್ನು 1.9 ಮಿಲಿಆಂಪಿಯರ್‌ನಿಂದ 0.6ಕ್ಕೆ ಇಳಿಸಿದೆ; ಇಡೀ ರಿಸೀವರ್‌ನ ನಾಯ್ಸ್ ಫಿಗರ್ (ಅದು ತಾನೇ ಸೇರಿಸುವ ನಾಯ್ಸ್‌ನ ಅಳತೆ) ಆದರೂ 5 ಡೆಸಿಬೆಲ್‌ನಲ್ಲೇ ಉಳಿದಿದೆ. ಬೇಸ್‌ಬ್ಯಾಂಡ್ ಫಿಲ್ಟರ್ ಮತ್ತು ಆಂಪ್ಲಿಫೈಯರ್‌ಗಳಿಗೆ 0.8 ಹೋಗುತ್ತದೆ. ಇಷ್ಟಾದರೂ ಒಟ್ಟು ಕರೆಂಟ್ 7.3 ಮಿಲಿಆಂಪಿಯರ್. ಉಳಿದ 5.9 ಮಿಲಿಆಂಪಿಯರ್ ಸಿಂಥಸೈಸರ್ (ರಿಸೀವರ್‌ಗೆ ಬೇಕಾದ ಕಂಪನಾಂಕದ ಅಲೆಯನ್ನು ತಯಾರಿಸುವ ಭಾಗ) ಮತ್ತು ಅದರ ಸುತ್ತಲಿನ ಬ್ಲಾಕ್‌ಗಳಲ್ಲಿದೆ. ಅದರ ವಿಸಿಒ (ವೋಲ್ಟೇಜ್‌ನಿಂದ ಕಂಪನಾಂಕ ಬದಲಾಗುವ ಆಸಿಲೇಟರ್) 4.88 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತದೆ, ಎರಡರಿಂದ ಭಾಗಿಸಿ ಐ-ಕ್ಯೂ ಹಂತಗಳನ್ನು (ಕಾಲು ಆವರ್ತದಷ್ಟು ಅಂತರದ ಅಲೆಗಳನ್ನು) ಪಡೆದು, ಶೇ. 25 ಡ್ಯೂಟಿಯ, ಅಂದರೆ ಆವರ್ತದ ಕಾಲು ಭಾಗ ಮಾತ್ರ ಆನ್ ಇರುವ, ನಾಲ್ಕು ಅಲೆಗಳಿಂದ ಪ್ಯಾಸಿವ್ ಮಿಕ್ಸರ್ (ಸಿಗ್ನಲ್‌ನ ಕಂಪನಾಂಕ ಇಳಿಸುವ ಸ್ವಿಚ್‌ಗಳು) ಅನ್ನು ಓಡಿಸುತ್ತಿದ್ದೇನೆ. ಎಲ್‌ಎನ್‌ಎಯನ್ನು ಇನ್ನೂ ಹಿಂಡಬೇಕೇ, ಅಥವಾ ನಾನು ತಪ್ಪು ಜಾಗದಲ್ಲಿ ಅಗೆಯುತ್ತಿದ್ದೇನೆಯೇ?

ತರಂಗಾಂತರ (ಸೋಮವಾರ, ರಾತ್ರಿ 11.15)

ತಪ್ಪು ಜಾಗದಲ್ಲಿ ಅಗೆಯುತ್ತಿದ್ದೀರಿ, ಆದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ಕ್ಷೇತ್ರಕ್ಕೆ ಬರುವವರೆಲ್ಲ ಮೊದಲ ಗುದ್ದಲಿಯನ್ನು ಎಲ್‌ಎನ್‌ಎ ಮೇಲೆಯೇ ಹಾಕುತ್ತಾರೆ. ರೇಡಿಯೋ ಎಂಜಿನಿಯರ್ ಫ್ರಿಸ್ 1944ರಲ್ಲಿ ಕೊಟ್ಟ, ಸಾಲಾಗಿ ಜೋಡಿಸಿದ ಬ್ಲಾಕ್‌ಗಳ ಒಟ್ಟು ನಾಯ್ಸ್‌ನ ಸೂತ್ರವನ್ನು ಮೊದಲ ಸೆಮಿಸ್ಟರ್‌ನಲ್ಲೇ ಕಲಿಸುವುದರಿಂದ, ಸಾಲಿನ ಮೊದಲ ಬ್ಲಾಕೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ನಂಬಿಕೆ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ನಾಯ್ಸ್‌ನ ಮಟ್ಟಿಗೆ ಅದು ನಿಜ. ಕರೆಂಟ್‌ನ ಮಟ್ಟಿಗೆ ಆ ಸೂತ್ರ ಒಂದಕ್ಷರವನ್ನೂ ಹೇಳುವುದಿಲ್ಲ.

ಮೊದಲು ನಿಮಗೆ ಎಷ್ಟು ನಾಯ್ಸ್ ಫಿಗರ್ ಬೇಕು ಎಂಬುದನ್ನು ನೋಡೋಣ. ಕೋಣೆಯ ಉಷ್ಣಾಂಶದಲ್ಲಿ ಥರ್ಮಲ್ ನಾಯ್ಸ್ ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್). 1 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ಗೆ 60 ಡೆಸಿಬೆಲ್ ಸೇರಿಸಿದರೆ ಮೈನಸ್ 114. ಡಿಮಾಡ್ಯುಲೇಟರ್‌ಗೆ (ಅಲೆಯಿಂದ ಬಿಟ್‌ಗಳನ್ನು ಬಿಡಿಸುವ ಭಾಗಕ್ಕೆ) 12 ಡೆಸಿಬೆಲ್ ಸಿಗ್ನಲ್-ನಾಯ್ಸ್ ಅನುಪಾತ ಬೇಕೆಂದು ಇಟ್ಟುಕೊಂಡರೆ, ನಿಮ್ಮ 5 ಡೆಸಿಬೆಲ್ ನಾಯ್ಸ್ ಫಿಗರ್‌ಗೆ ಮೈನಸ್ 97 ಡಿಬಿಎಂ ಸೂಕ್ಷ್ಮತೆ (ಹಿಡಿಯಬಹುದಾದ ಅತಿ ದುರ್ಬಲ ಸಿಗ್ನಲ್) ಬರುತ್ತದೆ. ಬ್ಲೂಟೂತ್ ಮಾನದಂಡ ಕೇಳುವುದು ಬರೀ ಮೈನಸ್ 70. ಅಂದರೆ ಕಾಗದದ ಮೇಲೆ 32 ಡೆಸಿಬೆಲ್ ನಾಯ್ಸ್ ಫಿಗರ್ ಇದ್ದರೂ ನೀವು ಪಾಸ್! ಅಷ್ಟು ಕೆಟ್ಟದ್ದನ್ನು ಯಾರೂ ಮಾಡುವುದಿಲ್ಲ ಎಂಬುದು ಬೇರೆ ಮಾತು. ಫೋನ್ ಪೆಟ್ಟಿಗೆಯಿಂದ 10 ಮೀಟರ್ ದೂರದಲ್ಲಿದ್ದರೆ ಮುಕ್ತ ಜಾಗದ ನಷ್ಟ ಸುಮಾರು 60 ಡೆಸಿಬೆಲ್. ಪೆಟ್ಟಿಗೆಯ ಗೋಡೆ, ಐಸ್ ಪ್ಯಾಕ್, ಹೊತ್ತವನ ಮೈ ಎಲ್ಲಕ್ಕೂ ಇನ್ನು 20 ತೆಗೆದಿಟ್ಟರೂ, ಒಂದು ಮಿಲಿವಾಟ್ ಕಳುಹಿಸುವ ಫೋನಿನಿಂದ ನಿಮಗೆ ಮೈನಸ್ 80 ಡಿಬಿಎಂ ಬರುತ್ತದೆ.

ಈಗ ಆ 5.9 ಮಿಲಿಆಂಪಿಯರ್ ವಿಷಯಕ್ಕೆ ಬರೋಣ. ಮಿಕ್ಸರ್‌ನ ಸ್ವಿಚ್‌ಗಳ ಗೇಟ್, ಅಲ್ಲಿಗೆ ಹೋಗುವ ಲೋಹದ ತಂತಿ, ದಾರಿಯಲ್ಲಿರುವ ಬಫರ್ ಸರಪಳಿ ಇವೆಲ್ಲವನ್ನೂ ಸೇರಿಸಿ ಒಂದೊಂದು ಹಂತಕ್ಕೆ 200 ಫೆಮ್ಟೋಫ್ಯಾರಡ್ ಎಂದು ಹಿಡಿಯಿರಿ. 180 ನ್ಯಾನೊಮೀಟರ್‌ನಲ್ಲಿ ಇದು ದುಬಾರಿ ಅಂದಾಜೇನೂ ಅಲ್ಲ. ಪ್ರತಿ ಆವರ್ತಕ್ಕೊಮ್ಮೆ ಅದನ್ನು 1.8 ವೋಲ್ಟ್‌ಗೆ ತುಂಬಿಸಿ ಬರಿದು ಮಾಡಬೇಕು. ಕೆಪಾಸಿಟೆನ್ಸ್, ವೋಲ್ಟೇಜ್, ಕಂಪನಾಂಕ ಮೂರನ್ನೂ ಗುಣಿಸಿದರೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದು ಹಂತಕ್ಕೆ 0.86 ಮಿಲಿಆಂಪಿಯರ್, ನಾಲ್ಕು ಹಂತಗಳಿಗೆ ಸುಮಾರು 3.5. ನಿಮ್ಮ ರಿಸೀವರ್‌ನ ಅರ್ಧದಷ್ಟು ಕರೆಂಟ್ ಯಾವ ಸಿಗ್ನಲನ್ನೂ ವರ್ಧಿಸುತ್ತಿಲ್ಲ, ಯಾವ ಮಾಹಿತಿಯನ್ನೂ ಮುಟ್ಟುತ್ತಿಲ್ಲ, ಬರೀ ಗೇಟ್‌ಗಳಿಗೆ ನೀರು ಎತ್ತಿ ಸುರಿಯುತ್ತಿದೆ. ಇದೇ ರಚನೆಯನ್ನು 65 ನ್ಯಾನೊಮೀಟರ್‌ನಲ್ಲಿ 1 ವೋಲ್ಟ್‌ಗೆ, ಹಂತಕ್ಕೆ 50 ಫೆಮ್ಟೋಫ್ಯಾರಡ್ ಇಟ್ಟು ಕಟ್ಟಿದರೆ, ನಾಲ್ಕೂ ಹಂತಗಳಿಗೆ ಅರ್ಧ ಮಿಲಿಆಂಪಿಯರ್ ಕೂಡ ಬೇಕಾಗುವುದಿಲ್ಲ. ನೀವು ಓದಿದ ಪ್ರಬಂಧಗಳು ಬಹುಶಃ ಆ ತಂತ್ರಜ್ಞಾನದವು. ಅಲ್ಲಿ ಅಗ್ಗವಾದ ರಚನೆ ನಿಮ್ಮಲ್ಲಿ ಅಗ್ಗವಾಗುವುದಿಲ್ಲ.

ಮಿತಭಾಷಿ (ಮಂಗಳವಾರ, ಬೆಳಿಗ್ಗೆ 8.05)

ಒಂದು ಸಣ್ಣ ಆಕ್ಷೇಪ. ಮಾನದಂಡ ಮೈನಸ್ 70 ಎಂದರೂ ಮಾರುಕಟ್ಟೆಯಲ್ಲಿ ಆ ಸಂಖ್ಯೆಯನ್ನು ಯಾರೂ ಒಪ್ಪುವುದಿಲ್ಲ. ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52832 ಚಿಪ್ ಮೈನಸ್ 96 ಡಿಬಿಎಂ ಸೂಕ್ಷ್ಮತೆಯನ್ನು, 3 ವೋಲ್ಟ್‌ನಲ್ಲಿ ಡಿಸಿ-ಡಿಸಿ ಪರಿವರ್ತಕದೊಂದಿಗೆ 5.4 ಮಿಲಿಆಂಪಿಯರ್‌ನಲ್ಲಿ ಕೊಡುತ್ತದೆ. ಸೂಕ್ಷ್ಮತೆಯಲ್ಲಿ 6 ಡೆಸಿಬೆಲ್ ಕಳೆದುಕೊಂಡರೆ ಮುಕ್ತ ಜಾಗದಲ್ಲಿ ದೂರ ಅರ್ಧವಾಗುತ್ತದೆ. ವಿದ್ಯಾರ್ಥಿಗೆ ನಾಯ್ಸ್ ಫಿಗರ್ ಬಿಟ್ಟುಕೊಡಲು ಹೇಳುವ ಮೊದಲು ಇದನ್ನೂ ಹೇಳಬೇಕಿತ್ತು.

ತರಂಗಾಂತರ (ಮಂಗಳವಾರ, ಬೆಳಿಗ್ಗೆ 8.30)

ಒಪ್ಪುತ್ತೇನೆ. ಆದರೆ ನಾನು ಹೇಳಿದ್ದು ಬಿಟ್ಟುಕೊಡಿ ಎಂದಲ್ಲ, 0.6 ಮಿಲಿಆಂಪಿಯರ್‌ನ ಎಲ್‌ಎನ್‌ಎಯನ್ನು ಅದರ ಪಾಡಿಗೆ ಬಿಡಿ ಎಂದು. ದುರ್ಬಲ ಇನ್ವರ್ಶನ್ ಬಗ್ಗೆ ಒಂದು ಮಾತು: ಆ ದಾರಿಯನ್ನು ವಿಟ್ಟೋಜ್ ಮತ್ತು ಫೆಲ್‌ರಾತ್ 1977ರಲ್ಲಿ ಪ್ರಕಟಿಸಿದ್ದು ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಿಂದ, ಕೈಗಡಿಯಾರದ ಉದ್ಯಮದ ನಡುವಿನಿಂದ. ಗಡಿಯಾರಕ್ಕೆ ಬೇಕಿದ್ದದ್ದು 32 ಕಿಲೋಹರ್ಟ್ಸ್. ಗಿಗಾಹರ್ಟ್ಸ್‌ನಲ್ಲಿ ಅದೇ ಬಯಾಸ್‌ಗೆ ಟ್ರಾನ್ಸಿಸ್ಟರ್ ಅಗಲವಾಗುತ್ತಾ ಹೋಗಿ, ಗೇಟ್ ಕೆಪಾಸಿಟೆನ್ಸ್ ಉಳಿತಾಯವನ್ನೆಲ್ಲ ನುಂಗುತ್ತದೆ. 180 ನ್ಯಾನೊಮೀಟರ್‌ನಲ್ಲಿ ನೀವು ಆ ಗೋಡೆಯ ಹತ್ತಿರವೇ ಇದ್ದೀರಿ.

ಸುರುಳಿ (ಮಂಗಳವಾರ, ಮಧ್ಯಾಹ್ನ 1.20)

ನನ್ನ ಹೆಸರೇ ಹೇಳುವಂತೆ ಇಂಡಕ್ಟರ್ ನನ್ನ ಕಸುಬು, ಹಾಗಾಗಿ ವಿಸಿಒ ಬಗ್ಗೆ ಬರೆಯುತ್ತೇನೆ. ಇಳಿಸಂಜೆಯವರೇ, ನೀವು 4.88 ಗಿಗಾಹರ್ಟ್ಸ್‌ಗೆ 1.5 ನ್ಯಾನೊಹೆನ್ರಿ ಆಸುಪಾಸಿನ ಇಂಡಕ್ಟರ್ ಹಾಕಿರುತ್ತೀರಿ ಎಂದು ಊಹಿಸುತ್ತೇನೆ. ಅದರ ರಿಯಾಕ್ಟೆನ್ಸ್ 46 ಓಮ್, ಗುಣಾಂಕ ಕ್ಯೂ (ನಷ್ಟ ಕಡಿಮೆಯಾದಷ್ಟೂ ಹೆಚ್ಚುವ ಅಳತೆ) 10 ಎಂದರೆ ಟ್ಯಾಂಕ್‌ನ (ಇಂಡಕ್ಟರ್-ಕೆಪಾಸಿಟರ್ ಜೋಡಿಯ) ಸಮಾಂತರ ರೋಧ 460 ಓಮ್. ಅಡ್ಡ-ಜೋಡಿ ಟ್ರಾನ್ಸಿಸ್ಟರ್‌ಗಳು ಈ ನಷ್ಟವನ್ನು ತುಂಬಿಕೊಡಲು ಒಂದೊಂದಕ್ಕೂ ಕನಿಷ್ಠ 4.35 ಮಿಲಿಸೀಮೆನ್ಸ್ ಜಿಎಂ ಬೇಕು. ತಯಾರಿಕೆಯ ಏರುಪೇರು ಮತ್ತು ಉಷ್ಣಾಂಶಕ್ಕಾಗಿ ಅದನ್ನು ದುಪ್ಪಟ್ಟು ಮಾಡಿ, ಪ್ರತಿ ಆಂಪಿಯರ್‌ಗೆ 15 ಸೀಮೆನ್ಸ್ ದಕ್ಷತೆಯಲ್ಲಿ ಭಾಗಿಸಿದರೆ ಎರಡೂ ಬದಿ ಸೇರಿ 1.2 ಮಿಲಿಆಂಪಿಯರ್ ಆಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಈ ಕರೆಂಟನ್ನು ನಿರ್ಧರಿಸಿದ್ದು ಫೇಸ್ ನಾಯ್ಸ್ (ಆಸಿಲೇಟರ್‌ನ ಅಲೆಯ ಅಲುಗಾಟ) ಅಲ್ಲ, ಆಸಿಲೇಟರ್ ಶುರುವಾಗಬೇಕೆಂಬ ಷರತ್ತು. ಬ್ಲೂಟೂತ್ ಲೋ ಎನರ್ಜಿಯಲ್ಲಿ 3 ಮೆಗಾಹರ್ಟ್ಸ್ ಆಚೆಗಿನ ಅಡಚಣೆ, ಬೇಕಾದ ಸಿಗ್ನಲ್‌ಗಿಂತ 27 ಡೆಸಿಬೆಲ್ ಹೆಚ್ಚಿದ್ದರೂ ತಾಳಬೇಕು. ಅದಕ್ಕೆ 15 ಡೆಸಿಬೆಲ್ ಅಂತರವನ್ನೂ 1 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನ 60 ಡೆಸಿಬೆಲ್‌ ಅನ್ನೂ ಕೂಡಿಸಿದರೆ, 3 ಮೆಗಾಹರ್ಟ್ಸ್ ಆಫ್‌ಸೆಟ್‌ನಲ್ಲಿ ಫೇಸ್ ನಾಯ್ಸ್ ಪ್ರತಿ ಹರ್ಟ್ಸ್‌ಗೆ ಮೈನಸ್ 102 ಡಿಬಿಸಿ (ಮುಖ್ಯ ಅಲೆಗೆ ಹೋಲಿಸಿದ ಡೆಸಿಬೆಲ್) ಇದ್ದರೆ ಸಾಕು. ಸಾಧಾರಣ ಎಲ್‌ಸಿ ಆಸಿಲೇಟರ್ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ ಕರೆಂಟಿನಲ್ಲೇ ಇದನ್ನು ಆರಾಮವಾಗಿ ದಾಟುತ್ತದೆ. ಆದ್ದರಿಂದ ಫೇಸ್ ನಾಯ್ಸ್ ಸುಧಾರಿಸುವ ತಂತ್ರಗಳನ್ನೆಲ್ಲ ಬದಿಗಿಟ್ಟು, ಸಮಾಂತರ ರೋಧವನ್ನು ಹೆಚ್ಚಿಸುವುದೊಂದನ್ನೇ ಬೆನ್ನುಹತ್ತಬಹುದು. ಅದಕ್ಕೆ ದೊಡ್ಡ ಇಂಡಕ್ಟರ್ ಬೇಕು, ದೊಡ್ಡ ಇಂಡಕ್ಟರ್‌ಗೆ ತಗ್ಗಿದ ಕಂಪನಾಂಕ ಬೇಕು.

ನನ್ನ ಸಲಹೆ ಸ್ಲೈಡಿಂಗ್ ಐಎಫ್ ರಚನೆ, ಅಂದರೆ ಒಂದೇ ವಿಸಿಒ ಬಳಸಿ ಸಿಗ್ನಲ್‌ನ ಕಂಪನಾಂಕವನ್ನು ಎರಡು ಮೆಟ್ಟಿಲುಗಳಲ್ಲಿ ಇಳಿಸುವುದು. 2.44 ಗಿಗಾಹರ್ಟ್ಸ್‌ನ ಐದನೇ ನಾಲ್ಕು ಭಾಗವಾದ 1.952 ಗಿಗಾಹರ್ಟ್ಸ್‌ನಲ್ಲಿ ವಿಸಿಒ ಓಡಿಸಿ. ಮೊದಲ ಮಿಕ್ಸರ್ ಅದರಿಂದ ಸಿಗ್ನಲನ್ನು 488 ಮೆಗಾಹರ್ಟ್ಸ್‌ಗೆ ತರುತ್ತದೆ. ಅದೇ ವಿಸಿಒವನ್ನು ನಾಲ್ಕರಿಂದ ಭಾಗಿಸಿದರೆ ಬರುವುದೂ 488 ಮೆಗಾಹರ್ಟ್ಸ್. ಐ-ಕ್ಯೂ ಹಂತಗಳನ್ನು ಅಲ್ಲಿ ತಯಾರಿಸಿ. ಮೊದಲ ಮಿಕ್ಸರ್‌ಗೆ ಎರಡೇ ಹಂತ ಸಾಕು, ಅದೇ 200 ಫೆಮ್ಟೋಫ್ಯಾರಡ್‌ಗೆ 1.4 ಮಿಲಿಆಂಪಿಯರ್. ಎರಡನೆಯದರ ನಾಲ್ಕು ಹಂತಗಳಿಗೆ, ಸ್ವಿಚ್‌ಗಳನ್ನು ಚಿಕ್ಕದಾಗಿಸಿ 100 ಫೆಮ್ಟೋಫ್ಯಾರಡ್ ಇಟ್ಟರೆ, ಒಟ್ಟು 0.35. ತರಂಗಾಂತರ ಅವರು ಲೆಕ್ಕ ಹಾಕಿದ 3.5 ಇಲ್ಲಿ ಸುಮಾರು 1.75ಕ್ಕೆ ಇಳಿಯುತ್ತದೆ. ವಿಸಿಒಗೆ 8 ನ್ಯಾನೊಹೆನ್ರಿ ಹಾಕಿ, ಕ್ಯೂ 8ಕ್ಕೆ ಇಳಿಯಿತೆಂದೇ ಇಟ್ಟುಕೊಂಡರೂ ಸಮಾಂತರ ರೋಧ 785 ಓಮ್ ಆಗುತ್ತದೆ. ಮೇಲೊಂದು ಪಿಮಾಸ್ ಟ್ರಾನ್ಸಿಸ್ಟರ್ ಜೋಡಿ ಸೇರಿಸಿ ಒಂದೇ ಕರೆಂಟನ್ನು ಎರಡು ಬಾರಿ ದುಡಿಸಿದರೆ 0.4 ಮಿಲಿಆಂಪಿಯರ್‌ಗಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಟ್ಯಾಂಕ್‌ಗೆ ಇನ್ನೂ 0.83 ಪಿಕೋಫ್ಯಾರಡ್ ಜಾಗವಿರುವುದರಿಂದ ಟ್ಯೂನಿಂಗ್‌ಗೂ ತೊಂದರೆಯಿಲ್ಲ.

ಎರಡು ಎಚ್ಚರಿಕೆಗಳಿವೆ. ಇಮೇಜ್ ಕಂಪನಾಂಕ (ಮಿಕ್ಸರ್‌ನಿಂದ ಅದೇ 488 ಮೆಗಾಹರ್ಟ್ಸ್‌ಗೆ ಬಂದು ಸೇರುವ ಬೇಡದ ಕಂಪನಾಂಕ) 1.464 ಗಿಗಾಹರ್ಟ್ಸ್‌ನಲ್ಲಿ ಬೀಳುತ್ತದೆ. ಬೇಕಾದದ್ದಕ್ಕಿಂತ ಸುಮಾರು ಒಂದು ಗಿಗಾಹರ್ಟ್ಸ್ ದೂರವಿರುವುದರಿಂದ ಆಂಟೆನಾ, ಮ್ಯಾಚಿಂಗ್ ಜಾಲ ಮತ್ತು ಎಲ್‌ಎನ್‌ಎಯ ಟ್ಯೂನ್ ಮಾಡಿದ ಲೋಡ್ ಮೂರೂ ಸೇರಿ ಅದನ್ನು ಅದುಮಬೇಕು. ಕೆಲವರು ಮೂರನೇ ಎರಡು ಭಾಗದ ವಿಸಿಒ ಬಳಸುತ್ತಾರೆ, ಅದು ನೋಡಲು ಇನ್ನೂ ಸೊಗಸು. ಆದರೆ ಆಗ ಇಮೇಜ್ 800ರಿಂದ 828 ಮೆಗಾಹರ್ಟ್ಸ್‌ಗೆ ಬಂದು, 824ರಿಂದ ಶುರುವಾಗುವ ಮೊಬೈಲ್ ಫೋನುಗಳ ಅಪ್‌ಲಿಂಕ್‌ಗೆ (ಫೋನಿನಿಂದ ಟವರ್‌ಗೆ ಹೋಗುವ ಸಿಗ್ನಲ್‌ಗೆ) ತಾಗುತ್ತದೆ. ಪಕ್ಕದಲ್ಲೇ ಫೋನ್ ಇರುವ ನಿಮ್ಮ ಬಳಕೆಗೆ ಅದು ಬೇಡ. ಇನ್ನೊಂದು, 1.95 ಗಿಗಾಹರ್ಟ್ಸ್ ಅಲೆ ಆಂಟೆನಾದಿಂದ ಹೊರಕ್ಕೆ ಸೋರಬಾರದು, ಆದ್ದರಿಂದ ಎಲ್‌ಎನ್‌ಎ ತೆಗೆದುಹಾಕಿ ಮಿಕ್ಸರ್ ಅನ್ನೇ ಮುಂದಿಡುವ ಆಸೆ ಬಂದರೆ ತಡೆದುಕೊಳ್ಳಿ.

ಟೋಲ್‌ಗೇಟ್ (ಮಂಗಳವಾರ, ಸಂಜೆ 6.50)

2.4 ಗಿಗಾಹರ್ಟ್ಸ್ ಅನ್ನೇ ಏಕೆ ಹಿಡಿದುಕೊಳ್ಳಬೇಕು? ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಬ್ಯಾಂಡ್‌ಗೂ ಲೈಸೆನ್ಸ್ ಬೇಕಿಲ್ಲ. 866 ಮೆಗಾಹರ್ಟ್ಸ್‌ನಲ್ಲಿ ಅದೇ ಗೇಟ್ ತುಂಬಿಸುವ ಕರೆಂಟ್ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ, ಅದೇ ದೂರಕ್ಕೆ ಮುಕ್ತ ಜಾಗದ ನಷ್ಟವೂ 9 ಡೆಸಿಬೆಲ್ ಕಡಿಮೆ. ನಮ್ಮ ಕಾರಿನ ಗಾಜಿನ ಮೇಲಿರುವ ಫಾಸ್ಟ್ಯಾಗ್ ಇದೇ ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿ ಬ್ಯಾಟರಿಯೇ ಇಲ್ಲ, ಸ್ವಂತ ಆಸಿಲೇಟರ್‌ನಿಂದ ರೇಡಿಯೋ ಅಲೆ ಹುಟ್ಟಿಸುವ ಟ್ರಾನ್ಸ್‌ಮಿಟರೂ ಇಲ್ಲ. ರೀಡರ್ ಕಳುಹಿಸಿದ ಅಲೆಯಿಂದಲೇ ಮೈಕ್ರೋವಾಟ್‌ಗಳಲ್ಲಿ ಶಕ್ತಿ ಪಡೆದು, ಆಂಟೆನಾದ ಇಂಪಿಡೆನ್ಸ್ ಬದಲಿಸುತ್ತಾ ಅದೇ ಅಲೆಯನ್ನು ಹಿಂದಕ್ಕೆ ಪ್ರತಿಫಲಿಸಿ ಉತ್ತರ ಕೊಡುತ್ತದೆ. ಕಡಿಮೆ ಶಕ್ತಿಯ ರೇಡಿಯೋ ಐಸಿ ಎಂದರೆ ನನ್ನ ಲೆಕ್ಕದಲ್ಲಿ ಅದು.

ತರಂಗಾಂತರ (ಮಂಗಳವಾರ, ಸಂಜೆ 7.25)

ಫಾಸ್ಟ್ಯಾಗ್‌ನ ಖರ್ಚನ್ನೆಲ್ಲ ಟೋಲ್ ಗೇಟ್‌ನ ರೀಡರ್ ಹೊತ್ತುಕೊಂಡಿದೆ, ಅದಕ್ಕೆ ಗೋಡೆಯ ಪ್ಲಗ್ ಇದೆ. ಇಲ್ಲಿ ಎದುರಿಗಿರುವುದು ಔಷಧಿ ಅಂಗಡಿಯವರ ಕೈಯಲ್ಲಿರುವ ಫೋನ್, ಅದರಲ್ಲಿ 866ರ ಬ್ಲೂಟೂತ್ ಇಲ್ಲ. ಕಾಲು ತರಂಗದ ಆಂಟೆನಾ ಕೂಡ 3.1 ಸೆಂಟಿಮೀಟರ್‌ನಿಂದ 8.7ಕ್ಕೆ ಬೆಳೆಯುತ್ತದೆ. ತೋಟದಲ್ಲಿ ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಮಣ್ಣಿನ ತೇವಾಂಶ ಕಳುಹಿಸಬೇಕಿದ್ದರೆ ನಾನೂ ನಿಮ್ಮ ಮಾತನ್ನೇ ಹೇಳುತ್ತಿದ್ದೆ.

ಕಡಲತಡಿ (ಬುಧವಾರ, ಬೆಳಿಗ್ಗೆ 10.10)

ನಾನು ಚಿಪ್ ವಿನ್ಯಾಸಗಾರನಲ್ಲ, ಬೇರೆಯವರು ಮಾಡಿದ ಚಿಪ್‌ಗಳನ್ನು ಬೋರ್ಡ್ ಮೇಲೆ ಕೂರಿಸುವವನು. ನಿಮ್ಮ ಲೆಕ್ಕಗಳೆಲ್ಲ ಚೆನ್ನಾಗಿವೆ, ಆದರೆ ಎಲ್ಲರೂ ರಿಸೀವರ್ ಆನ್ ಆಗಿರುವ ಕ್ಷಣದ ಕರೆಂಟ್ ಬಗ್ಗೆಯೇ ಮಾತನಾಡುತ್ತಿದ್ದೀರಿ. ಅದು ದಿನಕ್ಕೆ ಎಷ್ಟು ಹೊತ್ತು ಆನ್ ಆಗಿರುತ್ತದೆ ಎಂದು ಯಾರೂ ಕೇಳಲಿಲ್ಲ.

ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪಿಯರ್-ಅವರ್ ಇದೆ. ಎರಡು ವರ್ಷಕ್ಕೆ ಅದನ್ನು ಹಂಚಿದರೆ ಸರಾಸರಿ 12.5 ಮೈಕ್ರೋಆಂಪಿಯರ್, ನಿಮ್ಮ ಬಜೆಟ್ ಅಷ್ಟೇ. ಟ್ಯಾಗ್ ಫೋನಿನೊಂದಿಗೆ ಸಂಪರ್ಕದಲ್ಲಿದ್ದು ಸೆಕೆಂಡಿಗೊಮ್ಮೆ ಎದ್ದು ಕೇಳುತ್ತದೆ ಎಂದುಕೊಳ್ಳಿ. ಖಾಲಿ ಪ್ಯಾಕೆಟ್ 10 ಬೈಟ್, ಅಂದರೆ 80 ಮೈಕ್ರೋಸೆಕೆಂಡ್. ನಿಜವಾದ ಕೆಲಸ ಇಷ್ಟೇ. ಆದರೆ ಫೋನಿನ ಗಡಿಯಾರಕ್ಕೂ ನಿಮ್ಮ ಗಡಿಯಾರಕ್ಕೂ ತಾಳೆಯಾಗದಿರಬಹುದು ಎಂಬ ಕಾರಣಕ್ಕೆ ರಿಸೀವರ್ ಮೊದಲೇ ಎದ್ದು ಕಾಯಬೇಕು. ಎರಡೂ ಕಡೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು ತಪ್ಪುವ) ಕ್ರಿಸ್ಟಲ್ ಇದ್ದರೆ ಆ ಕಾಯುವಿಕೆ ಸೆಕೆಂಡಿಗೆ ಸರಾಸರಿ 100 ಮೈಕ್ರೋಸೆಕೆಂಡ್. ಕ್ರಿಸ್ಟಲ್ ಉಳಿಸಲು ಹೋಗಿ 250 ಪಿಪಿಎಂನ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಆಸಿಲೇಟರ್ ಬಳಸಿದರೆ ಅದು 300 ಆಗುತ್ತದೆ. ಹೆಚ್ಚುವರಿ 200 ಮೈಕ್ರೋಸೆಕೆಂಡ್‌ ಅನ್ನು 7.3 ಮಿಲಿಆಂಪಿಯರ್‌ನಿಂದ ಗುಣಿಸಿ, ಸರಾಸರಿಗೆ ಸುಮಾರು 1.5 ಮೈಕ್ರೋಆಂಪಿಯರ್ ಸೇರುತ್ತದೆ. ಸುರುಳಿಯವರ ಇಡೀ ಸ್ಲೈಡಿಂಗ್ ಐಎಫ್ ಉಳಿಸುವ ಸುಮಾರು 3 ಮಿಲಿಆಂಪಿಯರ್, ಒಟ್ಟು 400 ಮೈಕ್ರೋಸೆಕೆಂಡ್ ಆನ್ ಅವಧಿಗೆ 1.2 ಮೈಕ್ರೋಆಂಪಿಯರ್. ಒಂದು ಗಡಿಯಾರದ ಕ್ರಿಸ್ಟಲ್, ನಾಲ್ಕು ತಿಂಗಳ ವಿನ್ಯಾಸ, ತೂಗಿ ನೋಡಿ.

ನಿದ್ರೆಯ ಕರೆಂಟ್ ಬಗ್ಗೆ ಒಂದು ಅನುಭವ. ಮಂಗಳೂರಿನಲ್ಲಿ ಒಂದು ಮಳೆಗಾಲ ನಮ್ಮ ಬೋರ್ಡ್‌ಗಳು ನಿದ್ರೆಯಲ್ಲಿ 2 ಮೈಕ್ರೋಆಂಪಿಯರ್ ಬದಲು 9 ತೆಗೆದುಕೊಳ್ಳತೊಡಗಿದವು. ಚಿಪ್ ತಯಾರಕರನ್ನು ಬೈದು ವಾರ ಕಳೆದೆವು. ಕೊನೆಗೆ ನೋಡಿದರೆ, ಕೈಯಿಂದ ಬೆಸುಗೆ ಹಾಕಿದ ಕಡೆ ಉಳಿದ ಫ್ಲಕ್ಸ್ ತೇವಾಂಶ ಹೀರಿ, 3 ವೋಲ್ಟ್‌ಗೆ ಸುಮಾರು 430 ಕಿಲೋಓಮ್‌ನ ದಾರಿಯೊಂದನ್ನು ತೆರೆದುಕೊಂಡಿತ್ತು. ಆಲ್ಕೊಹಾಲ್ ಹಾಕಿ ಉಜ್ಜಿದ ಮೇಲೆ ಮತ್ತೆ 2 ಮೈಕ್ರೋಆಂಪಿಯರ್. ತಂಪು ಪೆಟ್ಟಿಗೆ ತೆರೆದಾಗಲೆಲ್ಲ ಒಳಗೆ ನೀರಿನ ಹನಿ ಕಟ್ಟುತ್ತದೆ ಎಂಬುದನ್ನು ಇಳಿಸಂಜೆಯವರು ಮರೆಯಬಾರದು. ಚಳಿಗೆ ನಾಣ್ಯ ಸೆಲ್‌ನ ಒಳರೋಧವೂ ಏರುತ್ತದೆ. ಹಳೆಯ ಸೆಲ್ 30 ಓಮ್ ತಲುಪಿದ್ದರೆ 15 ಮಿಲಿಆಂಪಿಯರ್‌ನ ಒಂದು ಎಳೆತಕ್ಕೆ 0.45 ವೋಲ್ಟ್ ಕುಸಿಯುತ್ತದೆ.

ತರಂಗಾಂತರ (ಬುಧವಾರ, ರಾತ್ರಿ 10.00)

ಕಡಲತಡಿಯವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಕೊನೆಯ ವಾಕ್ಯದಲ್ಲೇ ಅವರ ವಾದಕ್ಕೆ ಉತ್ತರವೂ ಇದೆ. ಆನ್ ಕರೆಂಟ್ ಸರಾಸರಿಯನ್ನು ಹೆಚ್ಚು ಕದಲಿಸದಿದ್ದರೂ, ಹಳೆಯ ತಣ್ಣನೆಯ ಸೆಲ್ ಎಷ್ಟು ದಿನ ಚಿಪ್ ಅನ್ನು ರೀಸೆಟ್ ಆಗದಂತೆ ಹಿಡಿದಿಡುತ್ತದೆ ಎಂಬುದನ್ನು ನಿರ್ಧರಿಸುವುದು ಅದೇ. ಜೊತೆಗೆ ಬಕ್ ಪರಿವರ್ತಕವನ್ನೂ (ಸ್ವಿಚ್ ಮಾಡುತ್ತಾ ವೋಲ್ಟೇಜ್ ಇಳಿಸುವ ಡಿಸಿ-ಡಿಸಿ ಪರಿವರ್ತಕ) ಸೇರಿಸಿ ನೋಡಿ. ಎಲ್‌ಡಿಒ (ಸ್ವಿಚ್ ಮಾಡದೆ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್) ಬಳಸಿದರೆ ಸೆಲ್ ಕೊಡಬೇಕಾದ ಕರೆಂಟ್ ಚಿಪ್‌ನ ಕರೆಂಟಿನಷ್ಟೇ ಇರುತ್ತದೆ, 3ರಿಂದ 1.8 ವೋಲ್ಟ್‌ವರೆಗಿನ ಅಂತರ ಬಿಸಿಯಾಗಿ ಹೋಗುತ್ತದೆ. ಶೇ. 85 ದಕ್ಷತೆಯ ಬಕ್ ಪರಿವರ್ತಕ 7.3 ಮಿಲಿಆಂಪಿಯರ್‌ ಅನ್ನು ಸೆಲ್‌ನ ಬದಿಯಲ್ಲಿ 5.2ಕ್ಕೆ ಇಳಿಸುತ್ತದೆ. ವಿಸಿಒಗೆ ಮಾತ್ರ ಅದರ ನಂತರ ಪ್ರತ್ಯೇಕ ಎಲ್‌ಡಿಒ ಇಡಿ, ಇಲ್ಲದಿದ್ದರೆ ಪರಿವರ್ತಕದ ಸ್ವಿಚಿಂಗ್ ಕಂಪನಾಂಕ ವಿಸಿಒದ ಎರಡೂ ಬದಿಗೆ ಸ್ಪರ್‌ಗಳಾಗಿ (ಬೇಡದ ಅಲೆಗಳಾಗಿ) ನಿಲ್ಲುತ್ತದೆ.

ಇಳಿಸಂಜೆ (ಮೂರು ವಾರಗಳ ನಂತರ, ಭಾನುವಾರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್‌ಎನ್‌ಎಯನ್ನು ಮುಟ್ಟಲಿಲ್ಲ. ವಿಸಿಒವನ್ನು 1.952 ಗಿಗಾಹರ್ಟ್ಸ್‌ಗೆ ಇಳಿಸಿ ಸ್ಲೈಡಿಂಗ್ ಐಎಫ್ ಕಟ್ಟಿದೆ. ಸ್ಕೀಮ್ಯಾಟಿಕ್ ಮಟ್ಟದ ಸಿಮ್ಯುಲೇಶನ್‌ನಲ್ಲಿ ಒಟ್ಟು 4.4 ಮಿಲಿಆಂಪಿಯರ್ ಬಂದಾಗ ಮಾರ್ಗದರ್ಶಕರಿಗೆ ತೋರಿಸಿ ಸಂತೋಷಪಟ್ಟೆ. ಲೇಔಟ್ ಮುಗಿಸಿ ತಂತಿಗಳ ಕೆಪಾಸಿಟೆನ್ಸ್ ಹೊರತೆಗೆದು ಮತ್ತೆ ಓಡಿಸಿದಾಗ ಅದು 5ಕ್ಕೆ ಏರಿತು. ವಿಸಿಒದಿಂದ ಮೊದಲ ಮಿಕ್ಸರ್‌ಗೆ ಹೋಗುವ ತಂತಿ ಚಿಪ್‌ನ ಅರ್ಧ ಅಗಲವನ್ನು ದಾಟುತ್ತಿತ್ತು, ಏಕೆಂದರೆ 8 ನ್ಯಾನೊಹೆನ್ರಿಯ ದೊಡ್ಡ ಇಂಡಕ್ಟರ್‌ಗೆ ಮೂಲೆಯಲ್ಲಿ ಮಾತ್ರ ಜಾಗ ಸಿಕ್ಕಿತ್ತು. ಬಫರ್‌ಗಳನ್ನು ಮಿಕ್ಸರ್ ಪಕ್ಕಕ್ಕೆ ತಂದು, ದೂರದ ತಂತಿಯಲ್ಲಿ ಸಣ್ಣ ಸ್ವಿಂಗ್ ಮಾತ್ರ ಓಡಾಡುವಂತೆ ಮಾಡಿದ ಮೇಲೆ 4.6 ಆಗಿದೆ. ನಾಯ್ಸ್ ಫಿಗರ್ 6.5 ಡೆಸಿಬೆಲ್, ಮಿತಭಾಷಿಯವರು ಹೇಳಿದ ಮೈನಸ್ 96ಕ್ಕೆ ಅರ್ಧ ಡೆಸಿಬೆಲ್ ಕಡಿಮೆ ಬಿತ್ತು. ನಿದ್ರೆಯ ಗಡಿಯಾರಕ್ಕೆ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಸೇರಿಸಿದ್ದೇನೆ.

ಉಳಿದದ್ದು ಒಂದೇ ಪ್ರಶ್ನೆ. ಎಲ್‌ಎನ್‌ಎಯ ಲೋಡ್ ಇಂಡಕ್ಟರ್ ಮತ್ತು ವಿಸಿಒ ಇಂಡಕ್ಟರ್ ನಡುವೆ ಈಗ 300 ಮೈಕ್ರಾನ್ ಅಂತರವಿದೆ. ಒಂದರ ಅಲೆ ಇನ್ನೊಂದಕ್ಕೆ ಸೇರದಿರಲು ಇದು ಸಾಕೇ?

ಸುರುಳಿ (ಅದೇ ಭಾನುವಾರ, ರಾತ್ರಿ)

ವಿದ್ಯುತ್ಕಾಂತೀಯ ಸಿಮ್ಯುಲೇಶನ್ ಇಲ್ಲದೆ ಹೌದು ಎನ್ನಲಾರೆ. ಎರಡನ್ನೂ ಒಟ್ಟಿಗೆ, ಸುತ್ತಲಿನ ಗಾರ್ಡ್ ರಿಂಗ್ (ಅಡಚಣೆ ತಡೆಯಲು ಸುತ್ತ ಹಾಕುವ ಉಂಗುರ) ಸಮೇತ ಓಡಿಸಿ. ಜಾಗ ಇನ್ನು ಸಿಗದಿದ್ದರೆ ವಿಸಿಒ ಇಂಡಕ್ಟರ್ ಅನ್ನು ಎಂಟರ ಆಕಾರದಲ್ಲಿ ಬರೆಯಿರಿ. ಎರಡು ಕುಣಿಕೆಗಳ ಕಾಂತಕ್ಷೇತ್ರಗಳು ದೂರದಲ್ಲಿ ಒಂದನ್ನೊಂದು ಬಹುಪಾಲು ಕಳೆಯುತ್ತವೆ. ಕ್ಯೂ ಸ್ವಲ್ಪ ಇಳಿಯುತ್ತದೆ, ವಿಸಿಒ ಕರೆಂಟ್ ಸ್ವಲ್ಪ ಏರುತ್ತದೆ. ಗಾರ್ಡ್ ರಿಂಗ್ ಅನ್ನು ಮಾತ್ರ ಒಂದು ಕಡೆ ಕತ್ತರಿಸಿ ಬಿಡಿ, ಪೂರ್ತಿ ಮುಚ್ಚಿದ ರಿಂಗ್ ತಾನೇ ಒಂದು ಸುತ್ತಿನ ಟ್ರಾನ್ಸ್‌ಫಾರ್ಮರ್ ಆಗಿಬಿಡುತ್ತದೆ.